ಗಾಳಿಯಂತ್ರಕ್ಕೊಂದು ಜಾಗ

ಚನ್ನಪಟ್ಟಣದ ಆಟಿಕೆ ಕೊಂಡವರಿಗೆಲ್ಲ ಅದರ ಹೊಳಪು ಗೊತ್ತು. ಆ ಹೊಳಪು ಹುಟ್ಟುವ ಜಾಗವನ್ನು ನೋಡಿದವರು ಕಡಿಮೆ. ಎಷ್ಟೋ ಸಲ ಅದು ಮನೆಯ ಮುಂದಿನ ಕೋಣೆ, ಇಲ್ಲವೇ ಹಿತ್ತಲಿಗೆ ಇಳಿಸಿದ ತಗಡಿನ ಮಾಡು. ಒಳಗೆ ಲೇತಿನ ಮೇಲೆ ಆಲೆ ಮರದ ತುಂಡು ಗಿರಗಿರನೆ ತಿರುಗುತ್ತಿರುತ್ತದೆ. ಅದಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆ ಗರಿಯಿಂದ ಉಜ್ಜಿದರೆ ಮುಖ ಕಾಣುವಷ್ಟು ಮಿಂಚು. ಕುಂಚ ಬೇಡ, ಬಣ್ಣದ ಡಬ್ಬಿ ಬೇಡ.

ಹಾಗಿದ್ದ ಮೇಲೆ ಅಲ್ಲಿ ಏರ್ ಕಂಪ್ರೆಸರ್‌ಗೆ ಏನು ಕೆಲಸ? ಲೇತು ಉರುಟಾದದ್ದಕ್ಕೆ ಮಾತ್ರ ಒಗ್ಗುತ್ತದೆ. ಗಾಡಿಯ ಚಪ್ಪಟೆ ಹಲಗೆ, ಅಕ್ಷರದ ಬಿಲ್ಲೆ, ಗೋಡೆಗೆ ತೂಗುಹಾಕುವ ಗಿಳಿ ಇವನ್ನೆಲ್ಲ ತಿರುಗಿಸಿ ಅರಗು ಹಚ್ಚಲಾಗದು, ಸಿಂಪಡಿಸಬೇಕು. ಕೊರೆದ ತೂತಿನೊಳಗಿನ ಹೊಟ್ಟು ಊದಲು, ಸಣ್ಣ ಮೊಳೆ ಹೊಡೆಯಲು ಕೂಡ ಒತ್ತಡದ ಗಾಳಿ ಅನುಕೂಲ. ಬರೀ ಆಟಿಕೆಯ ಮಾತಲ್ಲ. ಕನಕಪುರದ ರಸ್ತೆಬದಿಯ ಪಂಕ್ಚರ್ ಅಂಗಡಿಯಿಂದ ಹಿಡಿದು ಮಾಗಡಿಯಲ್ಲಿ ಮನೆಯಂಗಳದಲ್ಲೇ ಕಬ್ಬಿಣದ ಗೇಟಿಗೆ ಬಣ್ಣ ಹೊಡೆಯುವವರ ತನಕ ಕೆಂಪು ಇಲ್ಲವೇ ನೀಲಿ ಬಣ್ಣದ ಆ ಉದ್ದುರುಳೆ ಎಲ್ಲರಿಗೂ ಪರಿಚಿತ. ಡಚ್ ಸರ್ಕಾರದ ನೆರವು ಮತ್ತು ಕರ್ನಾಟಕ ಸರ್ಕಾರದ ಬೆಂಬಲದಿಂದ ಚನ್ನಪಟ್ಟಣದಲ್ಲಿ ಅರಗಿನ ಕೆಲಸಕ್ಕೆಂದೇ ಲೇತುಗಳನ್ನು ಒಂದೆಡೆ ಹಾಕಿದ ಸಂಕೀರ್ಣವನ್ನೇ ಕಟ್ಟಿದರು. ಆದರೆ ಮನೆಯಲ್ಲೇ ಕೆಲಸ ಮಾಡುವವರಿಗೆ ಯಂತ್ರ ಎಲ್ಲಿಡಬೇಕೆಂದು ನಕ್ಷೆ ಬರೆದುಕೊಡುವವರು ಯಾರೂ ಇಲ್ಲ. ಯಂತ್ರ ಬಂದ ದಿನ ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿಗೆ ತಳ್ಳುತ್ತಾರೆ.

ನಾನೂ ಹಾಗೇ ಮಾಡಿದೆ. ಮೆಟ್ಟಿಲ ಕೆಳಗೆ.

ಮಳೆ ಬೀಳುವುದಿಲ್ಲ, ಕಳ್ಳರ ಕಣ್ಣಿಗೆ ಕಾಣುವುದಿಲ್ಲ, ಸ್ವಿಚ್ಚು ಪಕ್ಕದಲ್ಲೇ ಇದೆ. ಇದಕ್ಕಿಂತ ಒಳ್ಳೆಯ ಜಾಗ ಇನ್ನೇನಿದೆ ಅನ್ನಿಸಿತ್ತು. 2 ಅಶ್ವಶಕ್ತಿಯ ಮೋಟಾರು, 30 ಸೆಂಟಿಮೀಟರ್ ಅಡ್ಡಳತೆಯ ಟ್ಯಾಂಕು. ಮೂರನೆಯ ವಾರ ಸಂಜೆ ಪಕ್ಕದ ಮನೆಯಾಕೆ ಗೇಟಿನ ಹೊರಗೇ ನಿಂತು, ‘ಅಣ್ಣಾ, ಆ ಮಿಷಿನ್ನ ಒಂಚೂರು ನಿಲ್ಲುಸ್ತೀರಾ? ನಮ್ಮುಡುಗಿಗೆ ಪರೀಕ್ಷೆ ಅದೆ’ ಅಂದರು. ಜಗಳದ ದನಿಯಲ್ಲ. ಕೇಳುವುದಕ್ಕೆ ಅವರೇ ಸಂಕೋಚಪಡುತ್ತಿದ್ದರು. ನಾನು ನಿಲ್ಲಿಸಿದೆ. ನಿಲ್ಲಿಸಿದಾಗಲೇ ನನಗೂ ತಿಳಿದದ್ದು, ಅಷ್ಟು ಹೊತ್ತು ನಮ್ಮ ಮನೆಯವರೆಲ್ಲ ಕಿರುಚಿಕೊಂಡೇ ಮಾತಾಡುತ್ತಿದ್ದೆವೆಂದು.

ಮಾರನೆಯ ದಿನ ಆ ಹುಡುಗಿ, ಎರಡನೆಯ ಪಿಯುಸಿ ವಿಜ್ಞಾನದವಳು, ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ಬಂದಳು. ‘ಅಂಕಲ್, ಒಂದ್ಸಲ ಆನ್ ಮಾಡಿ’ ಅಂದಳು. ಯಂತ್ರದಿಂದ ಒಂದು ಮೀಟರ್ ದೂರದಲ್ಲಿ 85ರ ಹತ್ತಿರ, ಅವಳ ಓದುವ ಕಿಟಕಿಯ ಬಳಿ 75ರ ಆಸುಪಾಸು. ಮೊಬೈಲಿನ ಅಳತೆ ಪ್ರಯೋಗಾಲಯದ ಅಳತೆಯಲ್ಲ, ನಾಲ್ಕೈದು ಡೆಸಿಬೆಲ್ ಅತ್ತಿತ್ತ ಆಗಬಹುದು. ಆದರೂ ಲೆಕ್ಕಕ್ಕೆ ಕೂರಲು ಅಷ್ಟು ಸಾಕಾಯಿತು.

ಡೆಸಿಬೆಲ್ ನಮ್ಮ ಮಾಮೂಲಿ ಅಳತೆಪಟ್ಟಿಯಂತಲ್ಲ. 10 ಡೆಸಿಬೆಲ್ ಹೆಚ್ಚಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟು, 20 ಹೆಚ್ಚಿದರೆ ನೂರು ಪಟ್ಟು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು ಸರಾಸರಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ. ಅವಳ ಕಿಟಕಿಗೆ ನನ್ನ ಯಂತ್ರ ಓಡುವಷ್ಟು ಹೊತ್ತೂ ಆ ಹಗಲು ಮಿತಿಯ ನೂರು ಪಟ್ಟು ಶಕ್ತಿಯ ಸದ್ದು ಬಡಿಯುತ್ತಿತ್ತು. ‘ಅಷ್ಟೇನೂ ಸದ್ದಿಲ್ಲ ಬಿಡಿ’ ಎಂದು ನಾನು ಹಿಂದೆ ಯಾರಿಗೋ ಹೇಳಿದ್ದೂ ನೆನಪಾಯಿತು.

ಬಯಲಿನಲ್ಲಾದರೆ ದೂರ ಎರಡು ಪಟ್ಟಾದಂತೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ವಿದ್ಯಾರ್ಥಿಗಳು ಇಲ್ಲೊಂದು ಕಾಗದ ತೆಗೆದುಕೊಳ್ಳಬಹುದು. 1 ಮೀಟರಿನಲ್ಲಿ 85. ಆಮೇಲೆ 2 ಮೀಟರಿಗೆ 79, 4ಕ್ಕೆ 73, 8ಕ್ಕೆ 67, 16ಕ್ಕೆ 61, 32ಕ್ಕೆ 55. ಅಂದರೆ ಬರೀ ದೂರವನ್ನೇ ನೆಚ್ಚಿ ನೆರೆಯವರ ಕಿಟಕಿಯಲ್ಲಿ 55ಕ್ಕೆ ಇಳಿಸಬೇಕಾದರೆ 32 ಮೀಟರ್, ಸುಮಾರು 105 ಅಡಿ ಬೇಕು. ನಮ್ಮ ನಿವೇಶನವೇ 30×40. ದೂರ ಎಂಬ ಔಷಧಿ ನಮ್ಮಂಥ ಮನೆಗಳಿಗೆ ಅರ್ಧ ಡೋಸಿಗೂ ಸಾಲದು.

ಅದರ ಮೇಲೆ ಮೆಟ್ಟಿಲ ಕೆಳಗಿನ ಮೂಲೆ. ನೆಲದ ಮೇಲೆ ಬಯಲಿನಲ್ಲಿಟ್ಟ ಯಂತ್ರದ ಸದ್ದು ಸುತ್ತಲೂ ಹಂಚಿಹೋಗುತ್ತದೆ. ಒಂದು ಗೋಡೆಗೆ ಒತ್ತಿಟ್ಟರೆ ಆ ಕಡೆ ಹೋಗಬೇಕಾದ ಸದ್ದೂ ತಿರುಗಿ ಈ ಕಡೆಗೇ ಬರುತ್ತದೆ, ಸುಮಾರು 3 ಡೆಸಿಬೆಲ್ ಜಾಸ್ತಿ. ಎರಡು ಗೋಡೆಯ ಮೂಲೆಯಾದರೆ 6. ಮೇಲೆ ಓರೆಯಾದ ಕಾಂಕ್ರೀಟು ಬೇರೆ ಇದ್ದರೆ ಕೇಳಬೇಡಿ, ತುತ್ತೂರಿಯ ಬಾಯಿಯನ್ನು ಪಕ್ಕದ ಮನೆಗೆ ತಿರುಗಿಸಿ ಊದಿದ ಹಾಗೆ.

ಹಳಬರಿಗೆ ಇದು ಗೊತ್ತಿತ್ತೋ ಏನೋ. ಹಳ್ಳಿಗಳಲ್ಲಿ ಕಮ್ಮಾರನ ಕುಲುಮೆ ಸಾಮಾನ್ಯವಾಗಿ ಊರ ಅಂಚಿಗೆ, ಮರದ ನೆರಳಿಗೆ, ಬದಿ ತೆರೆದ ಚಪ್ಪರದ ಕೆಳಗೆ ಇರುತ್ತಿತ್ತು. ಕಿಡಿಯ ಭಯ ಒಂದು ಕಾರಣ, ಬಡಿತದ ಸದ್ದು ಇನ್ನೊಂದು. ಕುಲುಮೆಯ ತಿದಿ ಕೂಡ ಗಾಳಿಯಂತ್ರವೇ ತಾನೆ? ಕಂಪ್ರೆಸರ್ ಅದರ ಮೊಮ್ಮಗ. ಅಜ್ಜನನ್ನು ಚಪ್ಪರದಲ್ಲಿಟ್ಟವರು ಮೊಮ್ಮಗನನ್ನು ಮಾತ್ರ ಮೆಟ್ಟಿಲ ಕೆಳಗೆ ತುರುಕಿದ್ದೇವೆ.

ಇನ್ನು ನೀರಿನ ವಿಷಯ. ಗಾಳಿಯ ಯಂತ್ರಕ್ಕೆ ನೀರೆಲ್ಲಿಂದ ಬಂತು ಎಂದು ಕೇಳಿದ್ದು ಅವಳೇ. ಟ್ಯಾಂಕಿನ ಅಡಿಯಲ್ಲಿರುವ ತಿರುಪನ್ನು ಬಿಚ್ಚಿದಾಗ ಕಂದು ಬಣ್ಣದ ನೀರು ಬುಸ್ಸೆಂದು ಹಾರಿ ಅವಳ ಚಪ್ಪಲಿ ನೆನೆದಿತ್ತು.

ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆಂದು ಗೊತ್ತಿರುತ್ತದೆ. ಹಾಗೆ ಬಿಸಿಯಾದ ಗಾಳಿ ಟ್ಯಾಂಕಿಗೆ ಬಂದು ತಣಿಯುತ್ತದೆ. 30 ಡಿಗ್ರಿ ಉಷ್ಣತೆಯ ಒಂದು ಘನ ಮೀಟರ್ ಜಾಗ ಹೆಚ್ಚೆಂದರೆ 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಅಲ್ಲಿ ಗಾಳಿಯನ್ನು ಎಷ್ಟೇ ಒತ್ತಿ ತುಂಬಿದ್ದರೂ ಹೆಚ್ಚುಕಡಿಮೆ ಅಷ್ಟೇ. ಸಾಪೇಕ್ಷ ಆರ್ದ್ರತೆ 70 ಶೇಕಡ ಇದ್ದ ದಿನ ಹೊರಗಿನ ಗಾಳಿಯ ಘನ ಮೀಟರಿನಲ್ಲಿ 21 ಗ್ರಾಂ ಇರುತ್ತದೆ. ನಿಮಿಷಕ್ಕೆ 150 ಲೀಟರ್ ಎಳೆದುಕೊಳ್ಳುವ ಸಣ್ಣ ಕಂಪ್ರೆಸರ್ ಒಂದು ಗಂಟೆ ಓಡಿದರೆ 9 ಘನ ಮೀಟರ್ ಗಾಳಿ, ಅದರೊಡನೆ 189 ಗ್ರಾಂ ನೀರಾವಿ. ಮೀಟರಿನ ಮುಳ್ಳು 7 ಬಾರ್ ತೋರಿಸಿದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಹತ್ತಿರಹತ್ತಿರ ಎಂಟು ಪಟ್ಟು. ಆಗ 9 ಘನ ಮೀಟರ್ ಗಾಳಿ ಕುಗ್ಗಿ ಒಂದು ಚಿಲ್ಲರೆ ಘನ ಮೀಟರ್ ಆಗುತ್ತದೆ. 1662ರಲ್ಲಿ ರಾಬರ್ಟ್ ಬಾಯ್ಲ್ ಹೇಳಿದ್ದೂ ಇದನ್ನೇ. ಅಷ್ಟು ಜಾಗಕ್ಕೆ ಹಿಡಿಸುವುದು ಬರೀ 34 ಗ್ರಾಂ. ಮಿಕ್ಕ 155 ಗ್ರಾಂ ನೀರಾಗಿ ಇಳಿಯಲೇಬೇಕು. ಒಂದು ದೊಡ್ಡ ಲೋಟದ ಕಾಫಿಯಷ್ಟು, ಗಂಟೆಗೆ.

ಇದಕ್ಕೂ ಜಾಗಕ್ಕೂ ಏನು ಸಂಬಂಧ? ರಾಮನಗರದ ಕಡೆ ಹೋಗೋಣ. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯ ಹೆಸರು ಕೇಳದವರಿಲ್ಲ. ಅದರ ಸುತ್ತ ಗೂಡು ಬೇಯಿಸಿ ನೂಲು ತೆಗೆಯುವ ಮನೆಗಳು. ಒಳಗೆ ಹೊಕ್ಕರೆ ಕನ್ನಡಕಕ್ಕೆ ಮಂಜು ಕವಿಯುತ್ತದೆ. ಕುದಿವ ಬಾಣಲೆಗಳ ಆವಿ ಅಷ್ಟು. ಅಂಥ ಕೋಣೆಯಲ್ಲೋ ಅದರ ಕಿಟಕಿಯ ಹೊರಗೋ ಕಂಪ್ರೆಸರ್ ಇಟ್ಟರೆ ಎಳೆದುಕೊಳ್ಳುವುದು ತುಂಬಿ ತುಳುಕುವ ಆವಿಯ ಗಾಳಿ. ಅದೇ 30 ಡಿಗ್ರಿಗೆ ಲೆಕ್ಕ ಹಾಕಿದರೂ ಗಂಟೆಗೆ ಕಾಲು ಲೀಟರಿಗೆ ಹತ್ತಿರ ನೀರು. ಕೋಣೆ ಇನ್ನೂ ಬಿಸಿಯಾಗಿದ್ದರೆ ಇನ್ನೂ ಜಾಸ್ತಿ. ನಮ್ಮ ಮನೆಯಲ್ಲಿ ಬಚ್ಚಲಿನ ಒಲೆ ಮೆಟ್ಟಿಲ ಪಕ್ಕದಲ್ಲೇ ಇತ್ತು. ಬೆಳಿಗ್ಗೆ ಬಿಸಿನೀರು ಹೊತ್ತಿಗೆ ಯಂತ್ರ ಹಾಕಿದರೆ ಗಾಳಿಯ ಜತೆ ಹನಿಗಳು ಬಂದು, ಸಿಂಪಡಿಸಿದ ಬಣ್ಣ ಗುಳ್ಳೆಗುಳ್ಳೆಯಾಗುತ್ತಿತ್ತು. ಅರಗಿನ ಮೆರುಗಿನ ಮೇಲೆ ಅಂಥ ಹನಿ ಬಿದ್ದು ನಿಂತರೆ ಬಿಳಿ ಮಚ್ಚೆ. ಬಣ್ಣದಂಗಡಿಯವನನ್ನು ಎರಡು ಸಲ ಬೈದು ಬಂದಿದ್ದೆ. ತಪ್ಪು ಬಣ್ಣದ್ದಲ್ಲ, ಜಾಗದ್ದು.

ಆ ನೀರು ಬಣ್ಣ ಕೆಡಿಸುವುದಕ್ಕಷ್ಟೇ ನಿಲ್ಲುವುದಿಲ್ಲ. ಟ್ಯಾಂಕನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಥಳಥಳ, ಒಳಗೆ ಅಡಿಭಾಗ ತುಕ್ಕು. 30 ಸೆಂಟಿಮೀಟರ್ ಅಡ್ಡಳತೆಯ ಟ್ಯಾಂಕಿನ ಒಂದು ತುದಿಯ ಮುಚ್ಚಳದ ವಿಸ್ತೀರ್ಣ ಸುಮಾರು 707 ಚದರ ಸೆಂಟಿಮೀಟರ್. 7 ಬಾರ್ ಎಂದರೆ ಚದರ ಸೆಂಟಿಮೀಟರಿಗೆ ಸ್ಥೂಲವಾಗಿ 7 ಕಿಲೋ. ಗುಣಿಸಿದರೆ 5 ಟನ್ನಿಗೆ ಹತ್ತಿರ. ದೊಡ್ಡ ಗಂಡಾನೆಯ ತೂಕ ಆ ಮುಚ್ಚಳವನ್ನು ಹಗಲೆಲ್ಲ ಒಳಗಿನಿಂದ ತಳ್ಳುತ್ತಿರುತ್ತದೆ. ತಗಡು ಸವೆದಿದ್ದರೆ ಅದು ಒಂದು ದಿನ ಗೆಲ್ಲುತ್ತದೆ. ಆದ್ದರಿಂದ ಟ್ಯಾಂಕಿನ ಅಡಿಯ ತಿರುಪಿಗೆ ಕೈ ಸುಲಭವಾಗಿ ಸಿಗುವಂತಿರಬೇಕು, ದಿನವೂ ಕೆಲಸ ಮುಗಿದ ಮೇಲೆ ನೀರು ಬಿಡಬೇಕು. ಮಂಡಿಯೂರಿ, ತಲೆ ತಗ್ಗಿಸಿ, ಜೇಡರ ಬಲೆ ಸರಿಸಿ ಕೈ ಹಾಕಬೇಕಾದ ಜಾಗದಲ್ಲಿಟ್ಟರೆ ಯಾರೂ ಬಿಡುವುದಿಲ್ಲ. ನಾನು ಮೂರು ವಾರ ಬಿಟ್ಟಿರಲಿಲ್ಲ. ಮೆಟ್ಟಿಲ ಕೆಳಗಿನ ಗೂಡಿನ ಅತಿ ದೊಡ್ಡ ಅಪಾಯ ಇದೇ ಎಂದು ಈಗ ನನಗನ್ನಿಸುತ್ತದೆ. ಮಕ್ಕಳು ದಿನಕ್ಕೆ ಇಪ್ಪತ್ತು ಸಲ ಹತ್ತಿಳಿಯುವ ಮೆಟ್ಟಿಲು ಅದು. ಟ್ಯಾಂಕಿನ ಎರಡು ತುದಿಗಳು ಓಡಾಟದ ದಾರಿಗಾಗಲಿ, ಕೂತು ಕೆಲಸ ಮಾಡುವ ಜಾಗಕ್ಕಾಗಲಿ ಮುಖ ಮಾಡಿರಬಾರದು. ಸೇಫ್ಟಿ ವಾಲ್ವಿನ ಉಂಗುರವನ್ನು ಆಗಾಗ ಎಳೆದು ಅದು ಉಸಿರಾಡುತ್ತಿದೆಯೇ ನೋಡಬೇಕು. ಅದು ಸದಾ ಬುಸುಗುಡುತ್ತದೆಂದು ಬೋಲ್ಟ್ ಹಾಕಿ ಮುಚ್ಚಿದವರನ್ನು ಕಂಡಿದ್ದೇನೆ. ಕುಕ್ಕರಿನ ತೂಕದ ಮೇಲೆ ಕಲ್ಲು ಹೇರಿದಂತೆ ಅದು.

ಶಾಖದ ಮಾತು ಬೇಗ ಮುಗಿಸಬಹುದು. ಯಂತ್ರ ತಿನ್ನುವ ವಿದ್ಯುತ್ತಿನ ಬಹುಪಾಲು ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. 2 ಅಶ್ವಶಕ್ತಿ ಎಂದರೆ ಒಂದೂವರೆ ಕಿಲೋವ್ಯಾಟ್, ಎರಡು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಬಿಸಿಗಿಟ್ಟು ಬಾಗಿಲು ಹಾಕಿದ ಹಾಗೆ. ಎಳೆದುಕೊಳ್ಳುವ ಗಾಳಿ 4 ಡಿಗ್ರಿ ಬಿಸಿಯಾದರೆ ಸುಮಾರು 1 ಶೇಕಡ ಕರೆಂಟು ಹೆಚ್ಚು ಬೇಕಾಗುತ್ತದೆ. ಅದೇನು ದೊಡ್ಡ ದುಡ್ಡಲ್ಲ. ಎಣ್ಣೆ ಬೇಗ ಕೆಟ್ಟು ಪಿಸ್ಟನ್ ಸವೆಯುವುದು ದೊಡ್ಡ ದುಡ್ಡು. ಏಪ್ರಿಲ್ ತಿಂಗಳಲ್ಲಿ ರಾಮನಗರದ ಬಂಡೆಗಳ ಪಕ್ಕ ನಡೆದವರಿಗೆ ಪಡುವಣ ಬಿಸಿಲು ಕಲ್ಲಿನಲ್ಲಿ ಎಷ್ಟು ಹೊತ್ತು ಉಳಿಯುತ್ತದೆಂದು ಗೊತ್ತು. ಪಡುವಣ ಗೋಡೆ ಬೇಡ. ಗಾಲಿ ಬೀಸಣಿಗೆಯೂ ಆಗಿರುವುದರಿಂದ ಗೋಡೆಗೂ ಅದಕ್ಕೂ ಒಂದೂವರೆ ಅಡಿಯಾದರೂ ಬಿಡಿ. ನೆಲಕ್ಕೆ ಬೋಲ್ಟ್ ಬಿಗಿಯುವುದಕ್ಕಿಂತ ದಪ್ಪ ರಬ್ಬರ್ ಬಿಲ್ಲೆಯ ಮೇಲೆ ಕೂರಿಸುವುದು ಸಣ್ಣ ಯಂತ್ರಕ್ಕೆ ಒಳ್ಳೆಯದು. ತಾರಸಿಯ ಮೇಲಂತೂ ಇಡಲೇಬೇಡಿ, ಕಂಪನ ಇಡೀ ಮನೆಗೆ ಇಳಿಯುತ್ತದೆ.

ಮರದ ಕೆಲಸದವರು ಇನ್ನೊಂದು ನೋಡಬೇಕು. ಲೇತಿನ ಪಕ್ಕದಲ್ಲೇ ಯಂತ್ರವಿದ್ದರೆ ಅದರ ಮೂಗಿನ ಜಾಲರಿಗೆ ವಾರಕ್ಕೇ ಹೊಟ್ಟು ಮೆತ್ತಿಕೊಳ್ಳುತ್ತದೆ. ನಮ್ಮ ಮೂಗಿಗೂ ಅದೇ ಗತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಕೆಲಸ ಮುಗಿದ ಮೇಲೆ ಅಪ್ಪ ಅಂಗಿಯ ಮೇಲಿನ ಹೊಟ್ಟನ್ನು ಗಾಳಿ ಬಿಟ್ಟು ಹಾರಿಸುವುದು, ಮಕ್ಕಳು ನಗುತ್ತಾ ಎದುರು ನಿಲ್ಲುವುದು ಎಷ್ಟೋ ಮನೆಗಳ ಸಂಜೆಯ ಆಟ. ದಯವಿಟ್ಟು ಬೇಡ. ಕಣ್ಣಿಗೆ, ಕಿವಿಗೆ, ಗಾಯಕ್ಕೆ ಆ ಗಾಳಿ ಹೊಕ್ಕರೆ ನಗೆ ಉಳಿಯುವುದಿಲ್ಲ. ಥಿನ್ನರ್ ಬೆರೆಸಿದ ಬಣ್ಣ ಸಿಂಪಡಿಸುವ ಕೋಣೆಯಲ್ಲೂ ಯಂತ್ರ ಇರಕೂಡದು. ಒತ್ತಡ ಇಳಿದಾಗ ತಾನೇ ಹಾಕಿಕೊಳ್ಳುವ ಅದರ ಸ್ವಿಚ್ಚಿನಲ್ಲಿ ಕಿಡಿ ಹಾರುತ್ತದೆ, ಥಿನ್ನರಿನ ಆವಿಗೆ ಅಷ್ಟು ಸಾಕು.

ಇಷ್ಟೆಲ್ಲ ಕೇಳಿದ ಮೇಲೆ ಯಂತ್ರವನ್ನು ಹಿತ್ತಲಿನ ಕೊನೆಗೆ ಒಯ್ಯೋಣವೆಂದು ಹೊರಟೆ. ಕರೆಂಟು? ‘ಇಪ್ಪತ್ತು ಮೀಟರ್ ವೈರ್ ಎಳೆದರಾಯಿತು’ ಅಂದೆ. ಹುಡುಗಿ ಓಮನ ನಿಯಮ ತೆಗೆದಳು. ಮನೆಯಲ್ಲಿ ಬಿದ್ದಿದ್ದ ಎಕ್ಸ್‌ಟೆನ್ಷನ್ ವೈರು 1 ಚದರ ಮಿಲಿಮೀಟರ್ ತಾಮ್ರದ್ದು. 20 ಮೀಟರ್ ಹೋಗಿ 20 ಮೀಟರ್ ಬರಬೇಕು, ಒಟ್ಟು 40 ಮೀಟರಿಗೆ ರೋಧ 0.7 ಓಮ್. ಇಂಥ ಮೋಟಾರು ಓಡುವಾಗ ಹತ್ತು ಆಂಪಿಯರ್ ಎಳೆದರೂ ಹೊರಡುವ ಗಳಿಗೆಯಲ್ಲಿ ಅದರ ಐದು ಪಟ್ಟು ಎಳೆಯುತ್ತದೆ. 50ನ್ನು 0.7ರಿಂದ ಗುಣಿಸಿ, 35 ವೋಲ್ಟ್ ದಾರಿಯಲ್ಲೇ ಖರ್ಚು. 230ಕ್ಕೆ ಬದಲು 195. ಸಂಜೆ ಹೊತ್ತು ಲೈನಿನಲ್ಲೇ ವೋಲ್ಟೇಜು ಕಮ್ಮಿಯಿದ್ದರೆ ಮೋಟಾರು ಏಳಲಾರದೆ ಗುಂಯ್‌ಗುಡುತ್ತಾ ಸುಡುತ್ತದೆ. ಅದಕ್ಕೇ ಈ ಕಸುಬಿನವರು ವೈರು ಉದ್ದ ಮಾಡಬೇಡಿ, ಗಾಳಿಯ ಕೊಳವೆ ಉದ್ದ ಮಾಡಿ ಅನ್ನುತ್ತಾರೆ. ದೂರದಲ್ಲೇ ಇಡಲೇಬೇಕಾದರೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕವಾಗಿ 2.5 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ವೈರು, ಅದಕ್ಕೇ ಒಂದು ಎಂಸಿಬಿ, ಸರಿಯಾದ ಅರ್ತ್. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಬೇಕಾದ ಕೆಲಸ ಇದು. ಕರೆಂಟು ಹೋಗಿ ಬಂದಾಗ ಯಂತ್ರ ಹೇಳದೆ ಕೇಳದೆ ಹೊರಡುತ್ತದೆ. ಬೆಲ್ಟಿನ ಮುಚ್ಚಳ ಬಿಚ್ಚಿಟ್ಟು ಓಡಿಸುವವರು ತಮ್ಮ ಬೆರಳುಗಳನ್ನೊಮ್ಮೆ ಎಣಿಸಿಕೊಳ್ಳಲಿ.

ಗಾಳಿಯ ಕೊಳವೆಗೆ ನೀರಿನ ಪಿವಿಸಿ ಪೈಪು ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ಅಗ್ಗವಲ್ಲವೇ. ನೀರಿನ ಪೈಪು ಒಡೆದರೆ ನೆಲ ಒದ್ದೆಯಾಗುತ್ತದೆ. ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರುಗಳು ಚಾಕುವಿನಂತೆ ಸಿಡಿಯುತ್ತವೆ. ಜಿಐ ಪೈಪು ಅಥವಾ ಗಾಳಿಗೆಂದೇ ಮಾಡಿದ ರಬ್ಬರ್ ಹೋಸು ಹಾಕಬೇಕು. ಪೈಪನ್ನು ನೂರಕ್ಕೊಂದರಂತೆ ಇಳಿಜಾರಾಗಿ ಎಳೆದು ಕವಲನ್ನು ಮೇಲುಬದಿಯಿಂದ ತೆಗೆದರೆ ನೀರು ಕೆಳಗೆ ಉಳಿದು ಗಾಳಿ ಮಾತ್ರ ಬರುತ್ತದೆ.

ಕೊನೆಗೆ ಯಂತ್ರ ಕೂತದ್ದು ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನಿಂದ ನಾಲ್ಕು ಮಾರು ಆಚೆ. ಹಿಂದೆ ತೆಂಗಿನ ತೋಟ. ಮೇಲೆ ಮಾಡು, ಮೂರು ಕಡೆ ಇಟ್ಟಿಗೆಯ ಎದೆಯೆತ್ತರದ ಗೋಡೆ, ತೆರೆದ ಬಾಯಿ ತೋಟದ ಕಡೆಗೆ. ನಮ್ಮ ಮನೆಯೇ ಅವಳ ಕಿಟಕಿಗೂ ಯಂತ್ರಕ್ಕೂ ನಡುವೆ ಅಡ್ಡ. ಪೂರ್ತಿ ಮುಚ್ಚಿದ ಪೆಟ್ಟಿಗೆ ಮಾಡಿಸುವ ಯೋಚನೆಯಿತ್ತು, ಎರಡು ಇಸ್ತ್ರಿಪೆಟ್ಟಿಗೆಯ ಬಿಸಿ ನೆನಪಾಗಿ ಬಿಟ್ಟೆ. ವೈರಿಗೂ ಗೋಡೆಗೂ ಸೇರಿ ಖರ್ಚು ಯಂತ್ರದ ಬೆಲೆಯ ಅರ್ಧಕ್ಕೆ ಬಂತು. ಮೊದಲೇ ಯೋಚಿಸಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಮನೆಯವರು ಹೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಹುಡುಗಿ ಮತ್ತೆ ಅಳೆದಳು. ಅವಳ ಕಿಟಕಿಯಲ್ಲಿ 57. ‘ಇನ್ನೂ ಎರಡು ಜಾಸ್ತಿ ಇದೆ ಅಂಕಲ್’ ಅಂದಳು. ಅದು ಸರಾಸರಿಯ ಮಿತಿ, ಯಂತ್ರ ಬಿಟ್ಟುಬಿಟ್ಟು ಓಡುತ್ತದೆ ಎಂದೆಲ್ಲ ವಾದಿಸಬಹುದಿತ್ತು. ಪರೀಕ್ಷೆ ಮುಗಿಯುವವರೆಗೆ ಸಂಜೆ ಐದರ ಮೇಲೆ ಹಾಕುವುದಿಲ್ಲ ಎಂದು ಅವರಮ್ಮನಿಗೆ ಹೇಳಿ ಬಂದೆ. ಐದಕ್ಕೆ ಸ್ವಿಚ್ಚು ತೆಗೆದು, ಟ್ಯಾಂಕಿನ ಒತ್ತಡ ಇಳಿಸಿ, ಅಡಿಯ ತಿರುಪು ಬಿಚ್ಚಿ ನೀರನ್ನು ಹಳೆಯ ಡಬ್ಬಿಗೆ ಹಿಡಿಯುತ್ತೇನೆ. ಅದರಲ್ಲಿ ಎಣ್ಣೆಯ ಪಸೆ ಇರುವುದರಿಂದ ತೆಂಗಿನ ಬುಡಕ್ಕೆ ಹಾಕುವಂತಿಲ್ಲ.